ದಿನದ ಕೊನೆಯ ಕಾಲುಗಂಟೆ

(ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದಲ್ಲಿ ಏರ್ಪಡಿಸಿದ್ದ ಒಂದು ದಿನದ ಧ್ಯಾನಕೂಟದಲ್ಲಿ ಸಂಜೆ ಮಾಡಿದ ಭಾಷಣ)



ಈ ದೇವಾಲಯಕ್ಕೆ ನೂರು ವರ್ಷ ತುಂಬಿದ ಸಂಭ್ರಮದಲ್ಲಿ ಕೆಲವು ತಿಂಗಳಿಂದ ನಾವೆಲ್ಲರೂ ಓಡಾಡುತ್ತಿದ್ದೇವೆ. ಗೋಡೆಗಳಿಗೆ ಸುಣ್ಣ ಬಳಿದದ್ದಾಯಿತು. ಗಂಟೆಗೋಪುರದ ಬಿರುಕು ಮುಚ್ಚಿದ್ದಾಯಿತು. ಮನೆಮನೆಗೆ ಹೋಗಿ ಚಂದಾ ಎತ್ತಿದ್ದಾಯಿತು. ಸಮಿತಿಯ ಸಭೆಗಳು ರಾತ್ರಿ ಹತ್ತರವರೆಗೆ ನಡೆದಿವೆ. ಇಂತಹ ಒಂದು ಸಭೆಯ ಕೊನೆಯಲ್ಲಿ ನಮ್ಮ ಗುರುಗಳು, ‘ಧ್ಯಾನಕೂಟದ ದಿನ ಸಂಜೆ ನೀವು ಅರ್ಧಗಂಟೆ ಮಾತನಾಡಬೇಕು, ವಿಷಯ, ದಿನನಿತ್ಯದ ಆತ್ಮಪರಿಶೋಧನೆ’ ಎಂದು ಅಪ್ಪಣೆ ಕೊಟ್ಟರು. ನಾನು ನಕ್ಕುಬಿಟ್ಟೆ. ಆ ವಾರವೆಲ್ಲ ಪೆಂಡಾಲಿನವನನ್ನು ಹುಡುಕಿಕೊಂಡು ತಿರುಗಿದವನು, ಒಂದು ರಾತ್ರಿಯೂ ಕಣ್ಣು ಮುಚ್ಚಿ ಕುಳಿತು ದಿನವನ್ನು ಹಿಂದಿರುಗಿ ನೋಡದವನು, ಮೌನದ ಬಗ್ಗೆ ಏನು ಹೇಳಿಯಾನು? ಆದರೂ ಒಪ್ಪಿಕೊಂಡೆ. ಉಪದೇಶ ಕೊಡುವ ಯೋಗ್ಯತೆ ನನಗಿಲ್ಲ. ಅನೇಕ ಸಲ ಬಿಟ್ಟು, ಅನೇಕ ಸಲ ಮತ್ತೆ ಹಿಡಿದ ಒಂದು ಅಭ್ಯಾಸದ ಕುರಿತು ನಿಮ್ಮಲ್ಲೊಬ್ಬನಾಗಿ ನಾಲ್ಕು ಮಾತು ಹೇಳಬಲ್ಲೆ.

ನಮ್ಮ ಹಿರಿಯರು ಮೌನಕ್ಕೆ ಪ್ರತ್ಯೇಕವಾಗಿ ಸಮಯ ಹುಡುಕಬೇಕಾಗಿರಲಿಲ್ಲ. ಮೇಲಿನ ಗಂಟೆಯೇ ಅದನ್ನು ಅವರಿಗೆ ಹುಡುಕಿಕೊಡುತ್ತಿತ್ತು. ಬೆಳಿಗ್ಗೆ, ನಡು ಹಗಲು, ಸಂಜೆ ಮೂರು ಹೊತ್ತು ತ್ರಿಕಾಲ ಪ್ರಾರ್ಥನೆಯ ಗಂಟೆ ಕೇಳಿದಾಗ ಹೊಲದಲ್ಲಿದ್ದವರು ತಲೆಯ ವಸ್ತ್ರ ತೆಗೆದು ನಿಲ್ಲುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ರಾತ್ರಿ ಸೀಮೆಎಣ್ಣೆ ದೀಪದ ಸುತ್ತ ಕುಳಿತು ಜಪಸರ ಮುಗಿಸಿದ ಮೇಲೆ ಮಾಡುವುದಕ್ಕೆ ಬೇರೆ ಕೆಲಸವೇ ಇರುತ್ತಿರಲಿಲ್ಲ. ದೀಪ ಸಣ್ಣದು ಮಾಡಿದರೆ ಕತ್ತಲೆ. ಕತ್ತಲೆಯಲ್ಲಿ ಮನಸ್ಸು ತಾನಾಗಿಯೇ ಹಗಲಿನ ಕಡೆಗೆ ತಿರುಗುತ್ತಿತ್ತು. ಅವರ ಬಾಳು ಸುಲಭವಾಗಿತ್ತೆಂದು ನಾನು ಹೇಳುತ್ತಿಲ್ಲ. ಬರಗಾಲವನ್ನೂ ಸಾಲವನ್ನೂ ಅವರು ನಮಗಿಂತ ಹೆಚ್ಚಾಗಿಯೇ ಬಲ್ಲವರು. ಆದರೆ ಅವರ ದಿನಕ್ಕೆ ಒಂದು ಕೊನೆ ಎಂಬುದಿತ್ತು. ನಮ್ಮ ದಿನಕ್ಕೆ ಅದಿಲ್ಲ. ಇಂದು ಹಾಸಿಗೆಯ ಮೇಲೆ ಮಲಗಿದ ನಂತರವೂ ಅಂಗೈಯಲ್ಲಿ ಮೊಬೈಲು ಬೆಳಗುತ್ತಿರುತ್ತದೆ. ಯಾವನೋ ಅಪರಿಚಿತನ ಮನೆಯ ಮದುವೆಯನ್ನು ನೋಡುತ್ತ ನೋಡುತ್ತ ನಮಗೆ ನಿದ್ದೆ ಬರುತ್ತದೆ. ನಮ್ಮ ಮನೆಯಲ್ಲಿ ಅಂದು ಏನು ನಡೆಯಿತೆಂಬುದನ್ನು ನೋಡದೆಯೇ ಆ ದಿನ ಮುಗಿದುಹೋಗುತ್ತದೆ.

‘ಬಿಡುವಿಲ್ಲ’ ಎಂಬುದು ಪ್ರಾಮಾಣಿಕವಾದ ಮಾತೇ. ಆದರೆ ಅದು ಹೊಸ ಮಾತಲ್ಲ. ಸಂತ ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯವನ್ನು ಒಮ್ಮೆ ಗಡಿಯಾರ ಮುಂದಿಟ್ಟುಕೊಂಡು ಓದಿ ನೋಡಿ. ಕಪೆರ್ನವುಮಿನಲ್ಲಿ ಸಬ್ಬತ್‌ದಿನ ಪ್ರಭು ಯೇಸು ಪ್ರಾರ್ಥನಾಮಂದಿರದಲ್ಲಿ ಬೋಧಿಸುತ್ತಾರೆ. ಅಲ್ಲಿಯೇ ದೆವ್ವ ಹಿಡಿದವನನ್ನು ಗುಣಪಡಿಸುತ್ತಾರೆ. ಅಲ್ಲಿಂದ ನೇರವಾಗಿ ಸಿಮೋನನ ಮನೆಗೆ ಹೋಗಿ ಜ್ವರದಿಂದ ಮಲಗಿದ್ದ ಅವನ ಅತ್ತೆಯನ್ನು ಎಬ್ಬಿಸುತ್ತಾರೆ. ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ರೋಗಿಗಳನ್ನು ಹೊತ್ತುಕೊಂಡು ಬಾಗಿಲ ಮುಂದೆ ನೆರೆಯುತ್ತದೆ. ಅಂತಹ ದಿನದ ಮರುದಿನ ನಾವಾಗಿದ್ದರೆ ಬಿಸಿಲೇರುವವರೆಗೆ ಮಲಗುತ್ತಿದ್ದೆವು. ಪ್ರಭುವಾದರೋ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥನೆಯಲ್ಲಿದ್ದರು. ಸಿಮೋನನೂ ಸಂಗಡಿಗರೂ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಎಂದಾಗ, ಪ್ರಭು ಆ ಜನರ ಬಳಿಗೆ ಹಿಂದಿರುಗದೆ ಬೇರೆ ಊರುಗಳಿಗೆ ಹೊರಟರು. ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬುದು ಅವರಿಗೆ ನಿಶ್ಚಯವಾದದ್ದು ಆ ಮೌನದಲ್ಲಿಯೇ ಎಂದು ನನಗೆ ತೋರುತ್ತದೆ.

ಹನ್ನೆರಡನೆಯ ಶತಮಾನದ ಒಂದು ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. 1145ರಲ್ಲಿ ಜಗದ್ಗುರುಗಳಾಗಿ ಆಯ್ಕೆಯಾದ ಮೂರನೆಯ ಯೂಜೀನರು ಹಿಂದೆ ಕ್ಲೇರ್‌ವೋ ಮಠದಲ್ಲಿ ಸಂತ ಬರ್ನಾರ್ಡರ ಶಿಷ್ಯರಾಗಿದ್ದವರು. ಮಠದ ಸನ್ಯಾಸಿ ಜಗದ್ಗುರುವಾದೊಡನೆ ಬೆಳಗಿನಿಂದ ರಾತ್ರಿಯವರೆಗೆ ವ್ಯಾಜ್ಯಗಳು, ಅರ್ಜಿಗಳು, ವಕೀಲರು. ಬರ್ನಾರ್ಡರು ತಮ್ಮ ಹಳೆಯ ಶಿಷ್ಯನಿಗಾಗಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಅದರಲ್ಲಿ ಅವರು ಕೊಡುವ ಎಚ್ಚರಿಕೆ ವಿಚಿತ್ರವಾದುದು: ಎಡೆಬಿಡದ ಕೆಲಸದ ದೊಡ್ಡ ಅಪಾಯ ಆಯಾಸವಲ್ಲ, ಹೃದಯ ಕಲ್ಲಾಗುವುದು, ಕಲ್ಲಾದದ್ದು ತನಗೇ ತಿಳಿಯದೆ ಹೋಗುವುದು. ನಿನ್ನ ಬಾವಿಯ ನೀರನ್ನು ಊರವರೆಲ್ಲ ಸೇದಿಕೊಂಡು ಹೋಗಲಿ, ಆದರೆ ಅವರಲ್ಲೊಬ್ಬನಾಗಿ ನೀನೂ ಒಂದು ಬೊಗಸೆ ಕುಡಿ ಎಂಬ ಅರ್ಥದ ಮಾತನ್ನು ಅವರು ಆಡುತ್ತಾರೆ. ದುಷ್ಟ ಕೆಲಸದಲ್ಲಿ ಮುಳುಗಿದ್ದವರಿಗೆ ಹೇಳಿದ ಮಾತಲ್ಲ ಇದು. ದೇವರ ಕೆಲಸದಲ್ಲಿಯೇ ಮುಳುಗಿದ್ದವರಿಗೆ ಹೇಳಿದ್ದು. ಶತಮಾನೋತ್ಸವ ಸಮಿತಿಯವರು ಗಮನಿಸಬೇಕು! ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇನ್ನು ಆತ್ಮಪರಿಶೋಧನೆಯೆಂದರೇನು? ಈ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಪಾಪನಿವೇದನೆಗೆ ಮುಂಚಿನ ಐದು ನಿಮಿಷ. ಸಾಲಿನಲ್ಲಿ ನಿಂತು ಬೆರಳು ಮಡಿಸುತ್ತ ದಶಾಜ್ಞೆಗಳನ್ನು ಎಣಿಸುತ್ತೇವೆ. ಕೋಪಿಸಿಕೊಂಡೆ, ಸುಳ್ಳು ಹೇಳಿದೆ, ಪ್ರಾರ್ಥನೆ ತಪ್ಪಿಸಿದೆ. ಮೊದಲ ಪರಮಪ್ರಸಾದದ ಕಾಲದಲ್ಲಿ ಉಪದೇಶಿಗಳು ಹೇಳಿಕೊಟ್ಟ ಪಟ್ಟಿಯನ್ನೇ ಅರವತ್ತನೆಯ ವಯಸ್ಸಿನಲ್ಲಿಯೂ ಒಪ್ಪಿಸುವವರಿದ್ದೇವೆ. ನಮ್ಮ ಪಾಪಗಳಿಗೂ ವಯಸ್ಸಾಗಿದೆ, ಅವು ರೂಪ ಬದಲಾಯಿಸಿವೆ ಎಂಬುದನ್ನು ನಾವು ನೋಡಿಯೇ ಇಲ್ಲ.

ನಾನು ಬ್ಯಾಂಕಿನಲ್ಲಿ ನಗದು ಗುಮಾಸ್ತನಾಗಿ ಬಹುಕಾಲ ಕೆಲಸ ಮಾಡಿದವನು. ಸಂಜೆ ನಗದಿನ ಲೆಕ್ಕ ತಾಳೆಯಾಗದೆ ನಾವು ಮೇಲೇಳುವಂತಿರಲಿಲ್ಲ. ಹತ್ತು ರೂಪಾಯಿ ಕಡಿಮೆಯಾದರೂ ಎಲ್ಲ ಚೀಟಿಗಳನ್ನೂ ಮತ್ತೆ ತಿರುವಿಹಾಕಬೇಕು. ಈ ಅಭ್ಯಾಸದಿಂದಲೋ ಏನೋ, ಆತ್ಮಪರಿಶೋಧನೆಯೆಂದರೆ ದೇವರೊಡನೆ ಲೆಕ್ಕ ತಾಳೆ ನೋಡುವುದೆಂದು ಬಹಳ ವರ್ಷ ತಿಳಿದಿದ್ದೆ. ಕೊರತೆ ಎಲ್ಲಿದೆಯೆಂದು ಹುಡುಕುವುದು, ಸಿಕ್ಕರೆ ದುಃಖಪಡುವುದು, ಸಿಗದಿದ್ದರೆ ನಿಶ್ಚಿಂತೆಯಿಂದ ಮಲಗುವುದು. ಇದರಲ್ಲಿದ್ದ ದೋಷ ನನಗೆ ಬೇಗ ತಿಳಿಯಲಿಲ್ಲ. ಸುಂಕದವನ ಪಕ್ಕದಲ್ಲಿ ನಿಂತಿದ್ದ ಫರಿಸಾಯನ ಲೆಕ್ಕವೂ ಪೈಸೆಪೈಸೆಗೆ ತಾಳೆಯಾಗಿತ್ತಲ್ಲವೇ?

ಈ ವಿಷಯದಲ್ಲಿ ಧರ್ಮಸಭೆಗೆ ದೊಡ್ಡ ಗುರುವೆನಿಸಿದ ಸಂತ ಲೊಯೋಲಾ ಇಗ್ನೇಷಿಯಸರು ಇದನ್ನು ಕಲಿತದ್ದು ಮಠದಲ್ಲಲ್ಲ, ರೋಗಶಯ್ಯೆಯಲ್ಲಿ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗಲಿ ಅವರ ಒಂದು ಕಾಲು ಮುರಿಯಿತು, ಇನ್ನೊಂದಕ್ಕೂ ಗಾಯವಾಯಿತು. ಲೊಯೋಲಾದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕಾಯಿತು. ಹೊತ್ತು ಕಳೆಯಲು ವೀರರ ಸಾಹಸಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ಅಂತಹ ಪುಸ್ತಕ ಒಂದೂ ಇರಲಿಲ್ಲ. ಇದ್ದದ್ದು ಕ್ರಿಸ್ತಚರಿತ್ರೆ ಮತ್ತು ಸಂತರ ಚರಿತ್ರೆ. ಅವನ್ನು ಓದುತ್ತ, ನಡುನಡುವೆ ತಾನು ಮೆಚ್ಚಿದ ಕುಲೀನ ಸ್ತ್ರೀಯೊಬ್ಬಳಿಗಾಗಿ ಮಾಡಬೇಕಾದ ಪರಾಕ್ರಮಗಳನ್ನು ಗಂಟೆಗಟ್ಟಲೆ ಕನಸು ಕಾಣುತ್ತ ಕಾಲ ಕಳೆದರು. ಬರಿಗಾಲಲ್ಲಿ ಜೆರುಸಲೇಮಿಗೆ ಹೋಗಬೇಕು, ಸಂತರಂತೆ ಸೊಪ್ಪುಸದೆ ತಿಂದು ತಪಸ್ಸು ಮಾಡಬೇಕು ಎಂಬ ಕನಸುಗಳೂ ಬರುತ್ತಿದ್ದವು. ಎರಡೂ ಸವಿಯಾಗಿಯೇ ಇದ್ದವು. ಆದರೆ ಮೊದಲನೆಯ ಕನಸು ಮುಗಿದ ಮೇಲೆ ಮನಸ್ಸು ಒಣಗಿಹೋಗುತ್ತಿತ್ತು. ಎರಡನೆಯದು ಮುಗಿದ ಮೇಲೆಯೂ ಸಂತೋಷ ಉಳಿಯುತ್ತಿತ್ತು. ಬಹುದಿನ ಅವರು ಈ ವ್ಯತ್ಯಾಸವನ್ನು ಗಮನಿಸಲಿಲ್ಲ. ಒಂದು ದಿನ ಗಮನಿಸಿದರು. ಮುಪ್ಪಿನಲ್ಲಿ ತಮ್ಮ ಕಥೆಯನ್ನು ಹೇಳಿ ಬರೆಯಿಸುವಾಗ, ಆಗ ತಮ್ಮ ಕಣ್ಣು ಸ್ವಲ್ಪ ತೆರೆಯಿತು ಎಂಬುದಾಗಿ ಅವರು ನೆನೆದಿದ್ದಾರೆ.

ಯಾವ ಹೊತ್ತು ನನ್ನೊಳಗೆ ಏನನ್ನು ಉಳಿಸಿ ಹೋಯಿತು ಎಂದು ನೋಡುವುದು ಇದರ ತಿರುಳು. ಊಟದ ರುಚಿ ನಾಲಗೆಗೆ ತಿಳಿದರೆ, ಅದು ಪಥ್ಯವೋ ಅಪಥ್ಯವೋ ಎಂಬುದು ಹೊಟ್ಟೆಗೆ ಆಮೇಲೆ ತಿಳಿಯುತ್ತದೆ. ದಿನವೂ ಹಾಗೆಯೇ.

1548ರಲ್ಲಿ ಜಗದ್ಗುರು ಮೂರನೆಯ ಪೌಲರ ಅನುಮೋದನೆ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಚಿಕ್ಕ ಪುಸ್ತಕದಲ್ಲಿ ಇಗ್ನೇಷಿಯಸರು ಇದಕ್ಕೆ ಐದು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮೊದಲನೆಯದೇ ನನ್ನಂಥ ಲೆಕ್ಕದವನನ್ನು ಬೆಚ್ಚಿಬೀಳಿಸಿತು. ಅದು ಪಾಪವನ್ನು ಹುಡುಕುವುದಲ್ಲ, ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ ಹೇಳುವುದು. ಸುಮ್ಮನೆ ‘ಎಲ್ಲಕ್ಕೂ ಸ್ತೋತ್ರ’ ಎಂದರೆ ಸಾಲದು, ಹೆಸರಿಟ್ಟು ಹೇಳಬೇಕು. ಇವತ್ತು ಬಸ್ಸಿನಲ್ಲಿ ಎದ್ದು ಸ್ಥಳ ಕೊಟ್ಟ ಹುಡುಗನಿಗಾಗಿ, ಮಳೆ ಹನಿಯುವ ಮೊದಲೇ ಒಣಗಿದ ರಾಗಿಗಾಗಿ, ಹೆಂಡತಿ ಕೇಳದೆಯೇ ತಂದಿಟ್ಟ ಬಿಸಿನೀರಿಗಾಗಿ. ಹೀಗೆ ಆರಂಭಿಸಿದವನು ಮುಂದೆ ತನ್ನ ತಪ್ಪನ್ನು ಕಂಡಾಗ, ಅದನ್ನು ಪೊಲೀಸಿನವನ ಮುಂದೆ ನಿಂತು ಕಾಣುವುದಿಲ್ಲ. ತನಗೆ ಉಣಬಡಿಸಿದವನ ಎದುರಿನಲ್ಲಿ ಕಾಣುತ್ತಾನೆ.

ಎರಡನೆಯದು ಬೆಳಕನ್ನು ಬೇಡುವುದು. ಹಳೆಯ ಮನೆಗಳ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಾಗ ಮಾತ್ರ ಕೋಣೆಯ ಗಾಳಿಯಲ್ಲಿ ಅಷ್ಟೊಂದು ಧೂಳಿದೆಯೆಂದು ತಿಳಿಯುತ್ತಿತ್ತು. ಧೂಳು ಮೊದಲೂ ಇತ್ತು. ನಮ್ಮನ್ನು ನಾವು ನಮ್ಮ ಕಣ್ಣಿನಿಂದಲೇ ನೋಡಿಕೊಂಡರೆ ಒಂದೋ ಹೊಗಳಿಕೊಳ್ಳುತ್ತೇವೆ, ಇಲ್ಲವೋ ಹಳಿದುಕೊಳ್ಳುತ್ತೇವೆ. ಪವಿತ್ರಾತ್ಮರ ಬೆಳಕು ಬೇಕು. ಮೂರನೆಯದು ಎದ್ದ ಗಳಿಗೆಯಿಂದ ಈ ಗಳಿಗೆಯವರೆಗೆ ಗಂಟೆಗಂಟೆಯಾಗಿ ನಡೆದುಬರುವುದು: ಮೊದಲು ಆಲೋಚನೆ, ಆಮೇಲೆ ಮಾತು, ಆಮೇಲೆ ಕ್ರಿಯೆ. ಉಳಿದೆರಡು, ಕ್ಷಮೆ ಕೇಳುವುದು ಮತ್ತು ದೇವರ ಕೃಪೆಯಿಂದ ನಾಳೆ ತಿದ್ದಿಕೊಳ್ಳುವ ಸಂಕಲ್ಪ. ಕೊನೆಗೆ ಪರಲೋಕ ಮಂತ್ರ. ಎಲ್ಲಕ್ಕೂ ಸೇರಿ ಕಾಲುಗಂಟೆ ಸಾಕು.

ಮೂರನೆಯ ಮೆಟ್ಟಿಲಿನಲ್ಲಿ ನಾನು ಎಡವಿದ ಕಥೆಯನ್ನು ಹೇಳಲೇಬೇಕು. ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಕಥೆಯೇ. ತಂದೆಯವರು ತೀರಿಕೊಂಡ ಮೇಲೆ ನನಗೂ ಅಣ್ಣನಿಗೂ ಜಮೀನು ಪಾಲಾಯಿತು. ಪಾಲಿನ ನಡುವಣ ಬದುವಿನ ಮೇಲೆ ಒಂದು ಹುಣಸೆಮರ. ಅದು ಯಾರದೆಂಬ ಮಾತು ಬೆಳೆದು, ಆರು ವರ್ಷ ನಾವಿಬ್ಬರೂ ಮಾತನಾಡಲಿಲ್ಲ. ಇದೇ ದೇವಾಲಯದಲ್ಲಿ ಅವರು ಆ ಮೂರನೆಯ ಕಿಟಕಿಯ ಬಳಿ, ನಾನು ಈ ಕಂಬದ ಬಳಿ. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವಂತೆ ಗುರುಗಳು ಹೇಳಿದಾಗ ನಾನು ಮುಂದಿನವರಿಗೆ, ಹಿಂದಿನವರಿಗೆ, ಬಲಗಡೆಯವರಿಗೆ ಕೈಮುಗಿಯುತ್ತಿದ್ದೆ. ಎಡಗಡೆಗೆ ನನ್ನ ಕತ್ತು ತಿರುಗುತ್ತಿರಲಿಲ್ಲ.

ಆಗ ನಾನು ರಾತ್ರಿಯ ಈ ಅಭ್ಯಾಸವನ್ನು ಆರಂಭಿಸಿ ಕೆಲವು ತಿಂಗಳಾಗಿತ್ತು. ಒಂದು ತಪಸ್ಸುಕಾಲದ ಭಾನುವಾರ ರಾತ್ರಿ ಎಂದಿನಂತೆ ದಿನವನ್ನು ನೆನೆಯುತ್ತ ಕುಳಿತೆ. ಎದ್ದದ್ದು, ಸ್ನಾನ, ದೇವಾಲಯ, ವಾಚನಗಳು, ಪ್ರಬೋಧನೆ, ಪರಲೋಕ ಮಂತ್ರ, ಪರಮಪ್ರಸಾದ, ಮನೆಯ ಉಪ್ಪಿಟ್ಟು. ಇದ್ದಕ್ಕಿದ್ದಂತೆ ಒಂದು ಪ್ರಶ್ನೆ ಎದ್ದಿತು: ಪರಲೋಕ ಮಂತ್ರಕ್ಕೂ ಪರಮಪ್ರಸಾದಕ್ಕೂ ನಡುವೆ ಏನಿತ್ತು? ಹಿಂದಿನ ಭಾನುವಾರಗಳಲ್ಲಿಯೂ ನನ್ನ ನೆನಪು ಅಲ್ಲಿಯೇ ಹಾರಿಹೋಗುತ್ತಿತ್ತೆಂದು ಆಗ ತಿಳಿಯಿತು. ಆರು ವರ್ಷ ಪ್ರತಿವಾರ ನಡೆದ ಒಂದು ನಿಮಿಷವನ್ನು ನನ್ನ ಮನಸ್ಸು ಲೆಕ್ಕದಿಂದಲೇ ತೆಗೆದುಹಾಕಿತ್ತು. ತಾಳೆಯಾದ ಲೆಕ್ಕ! ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂಬ ಪ್ರಭುವಿನ ಬೋಧನೆಯನ್ನು ಎಷ್ಟು ಸಲ ಓದಿದ್ದೆನೋ. ಅದನ್ನು ನನ್ನ ಅಣ್ಣನ ಮುಖದೊಂದಿಗೆ ಓದಿದ್ದು ಆ ರಾತ್ರಿಯೇ.

ಮರುದಿನವೇ ಎದ್ದು ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ವಾರ ನೆಪಗಳನ್ನು ಹುಡುಕಿದೆ. ತಪ್ಪು ಅವರದಲ್ಲವೇ, ಅವರೇ ಬರಲಿ ಎಂದುಕೊಂಡೆ. ಪ್ರತಿ ರಾತ್ರಿ ಆ ನೆಪವೂ ಮೂರನೆಯ ಮೆಟ್ಟಿಲಿನಲ್ಲಿ ಬಂದು ಎದುರು ನಿಲ್ಲುತ್ತಿತ್ತು. ಕೊನೆಗೆ ಪವಿತ್ರವಾರದಲ್ಲಿ ಒಂದು ಸಂಜೆ ಹೋದೆ. ಅಣ್ಣ ಜಗುಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ತಲೆಯೆತ್ತಿ ನೋಡಿ, ‘ಏನಪ್ಪಾ, ದಾರಿ ತಪ್ಪಿತೇ?’ ಎಂದರು. ಅತ್ತಿಗೆ ಏನೂ ಕೇಳದೆ ಒಳಗೆ ಹೋಗಿ ಕಾಫಿ ತಂದಿಟ್ಟರು. ಮಳೆಯ ಬಗ್ಗೆ, ರಾಗಿಯ ಬೆಲೆಯ ಬಗ್ಗೆ ಮಾತನಾಡಿದೆವು. ಮರದ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಆ ಮರದ ಹಣ್ಣನ್ನು ಈಗಲೂ ಅವರೇ ಉದುರಿಸಿಕೊಳ್ಳುತ್ತಾರೆ. ಅದು ನ್ಯಾಯವೆಂದು ನಾನು ಇಂದಿಗೂ ಒಪ್ಪಿಲ್ಲ. ಆದರೆ ಆ ಪಾಸ್ಕ ಭಾನುವಾರ ನನ್ನ ಕತ್ತು ಎಡಗಡೆಗೆ ತಿರುಗಿತು. ಈ ಮಾತನ್ನು ಇಲ್ಲಿ ಹೇಳಲು ಅಣ್ಣನ ಅನುಮತಿ ಪಡೆದಿದ್ದೇನೆ. ‘ಹೇಳು, ಆದರೆ ಮರದ ವಿಷಯವನ್ನು ಸರಿಯಾಗಿ ಹೇಳು’ ಎಂದಿದ್ದಾರೆ.

ದಿನವೆಲ್ಲ ಒಂದೇ ದೋಷ ಕಾಡುವವರಿಗೆ ಇಗ್ನೇಷಿಯಸರು ಇನ್ನೊಂದು ಉಪಾಯ ಹೇಳಿದ್ದಾರೆ. ಒಂದು ದೋಷವನ್ನು ಮಾತ್ರ ಆರಿಸಿಕೊಳ್ಳಬೇಕು. ಅದರಲ್ಲಿ ಬಿದ್ದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟುಕೊಂಡು ಪಶ್ಚಾತ್ತಾಪಪಡಬೇಕು. ಹತ್ತು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದೆಂದು ಅವರೇ ಬರೆದಿದ್ದಾರೆ. ಬ್ಯಾಂಕಿನ ಕಿಟಕಿಯಲ್ಲಿ ಕುಳಿತು ಅಕ್ಷರ ಬಾರದ ರೈತರ ಮೇಲೆ ದನಿಯೇರಿಸುವುದು ನನ್ನ ದೋಷವಾಗಿತ್ತು. ದನಿ ಏರಿದಾಗಲೆಲ್ಲ ಕೈ ಅಂಗಿಯ ಜೇಬಿಗೆ ಹೋಗುತ್ತಿತ್ತು. ಸಾಹೇಬರು ಪೆನ್ನು ಹುಡುಕುತ್ತಿದ್ದಾರೆಂದು ಎದುರಿಗಿದ್ದವರು ತಿಳಿಯುತ್ತಿದ್ದರು. ಮೊದಲ ವಾರ ನಾನು ಹುಡುಕಿದಷ್ಟು ಪೆನ್ನನ್ನು ಯಾರೂ ಹುಡುಕಿರಲಾರರು.

ಆದರೆ ಇಲ್ಲೊಂದು ಎಚ್ಚರಿಕೆಯೂ ಬೇಕು. ನಮ್ಮಲ್ಲಿ ಕೆಲವರದು ಅತಿಸೂಕ್ಷ್ಮ ಮನಸ್ಸು. ಕ್ಷಮಿಸಲ್ಪಟ್ಟ ಪಾಪವನ್ನೇ ಮತ್ತೆ ಮತ್ತೆ ಕೆದಕಿ ನಿದ್ದೆಗೆಡುತ್ತಾರೆ. ಇಗ್ನೇಷಿಯಸರೇ ಮಾನ್ರೇಸಾದಲ್ಲಿ ಈ ಸಂಕಟವನ್ನು ಅನುಭವಿಸಿದವರು. ನಿವೇದಿಸಿದ್ದನ್ನೇ ಪುನಃ ಪುನಃ ನಿವೇದಿಸುತ್ತ, ಒಂದು ಹಂತದಲ್ಲಿ ಪ್ರಾಣವನ್ನೇ ಕಳೆದುಕೊಳ್ಳುವ ಪ್ರಲೋಭನೆಗೂ ಒಳಗಾದರು. ಆ ಕೆದಕಾಟ ದೇವರಿಂದ ಬಂದದ್ದಲ್ಲವೆಂದು ಅವರಿಗೆ ಗೊತ್ತಾದದ್ದೂ, ಅದು ತಮ್ಮನ್ನು ಎಲ್ಲಿಗೆ ಒಯ್ಯುತ್ತಿದೆಯೆಂದು ಗಮನಿಸಿದಾಗಲೇ. ಅಂಥವರು ಕಾಲುಗಂಟೆಯ ಬದಲು ಐದೇ ನಿಮಿಷ ಕುಳಿತು, ಅದರಲ್ಲಿ ನಾಲ್ಕನ್ನು ಕೃತಜ್ಞತೆಗೆ ಕೊಡಲಿ. ಮನಸ್ಸು ತೀರ ಕುಗ್ಗಿದ್ದರೆ ಒಬ್ಬರೇ ಹೊರಬೇಡಿ. ಗುರುಗಳ ಬಳಿಗೂ ವೈದ್ಯರ ಬಳಿಗೂ ಹೋಗಿ.

ಈ ಮಧ್ಯಾಹ್ನ ಊಟದ ಸಮಯದಲ್ಲಿ ನಮ್ಮ ಸಹೋದರಿಯೊಬ್ಬರು ನನ್ನನ್ನು ತಡೆದು ಕೇಳಿದರು: ‘ಸಾರ್, ನಾಲ್ಕೂವರೆಗೆ ಏಳುತ್ತೇನೆ, ಅಡಿಗೆ ಮಾಡಿ ಮಕ್ಕಳಿಗೆ ಡಬ್ಬಿ ಕಟ್ಟಿ ಗಾರ್ಮೆಂಟ್ಸಿನ ವ್ಯಾನು ಹತ್ತುತ್ತೇನೆ, ರಾತ್ರಿ ಪಾತ್ರೆ ತೊಳೆಯುವಾಗಲೇ ಕಣ್ಣು ಮುಚ್ಚುತ್ತದೆ. ನಿಮ್ಮ ಕಾಲುಗಂಟೆಯನ್ನು ಎಲ್ಲಿಂದ ತರಲಿ?’ ನಿವೃತ್ತಿವೇತನ ಪಡೆಯುವ ನಾನು ಆ ತಾಯಿಗೆ ಏನು ಹೇಳಲಿ? 1551ರಲ್ಲಿ ಪೋರ್ಚುಗಲ್ಲಿನ ಬ್ರಾಂದಾವೋ ಎಂಬ ಗುರುಗಳು ಕೇಳಿದ ಪ್ರಶ್ನೆಗಳಿಗೆ ಇಗ್ನೇಷಿಯಸರ ಪರವಾಗಿ ಅವರ ಕಾರ್ಯದರ್ಶಿ ಬರೆದ ಉತ್ತರವೊಂದಿದೆ. ಯೇಸುಸಭೆಯ ವಿದ್ಯಾರ್ಥಿಗಳು ಓದಿನ ಭಾರದ ನಡುವೆ ದೀರ್ಘ ಧ್ಯಾನಗಳನ್ನು ಮಾಡಲಾರರು. ಮಾತನಾಡುವಾಗ, ನಡೆಯುವಾಗ, ನೋಡುವಾಗ, ಉಣ್ಣುವಾಗ, ಕೇಳುವಾಗ, ಎಲ್ಲದರಲ್ಲಿಯೂ ದೇವರ ಸಾನ್ನಿಧ್ಯವನ್ನು ಅರಸಲಿ ಎಂಬುದು ಅದರ ಸಾರ. ಆದರೂ ಅದೇ ವಿದ್ಯಾರ್ಥಿಗಳಿಗೆ ಸಭೆಯ ನಿಯಮಾವಳಿ ದಿನಕ್ಕೆರಡು ಸಲ ಆತ್ಮಪರಿಶೋಧನೆಯನ್ನು ವಿಧಿಸಿತು. ದೀರ್ಘ ಧ್ಯಾನವನ್ನು ಬಿಡಬಹುದು, ಇದನ್ನು ಬಿಡಬಾರದು. ನಾನು ಇದನ್ನೆಲ್ಲ ಹೇಳುವಷ್ಟರಲ್ಲಿ ಆ ಸಹೋದರಿಯೇ, ‘ಸಂಜೆ ವ್ಯಾನಿನಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಕುಳಿತಿರುತ್ತೇನೆ. ಅಲ್ಲಿ ಹಾಡು ಹಾಕಿರುತ್ತಾರೆ, ಪರವಾಗಿಲ್ಲವೇ?’ ಎಂದರು. ಪರವಾಗಿಲ್ಲ ಎಂದೆ. ನನ್ನ ಉತ್ತರ ಸರಿಯೇ ಎಂಬುದನ್ನು ಗುರುಗಳು ಹೇಳಬೇಕು.

ಮನೆಯ ಯಜಮಾನರು ಮಾತ್ರ ಈ ವಿಷಯದಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ಹೆಂಡತಿಗೆ ಆ ಕಾಲುಗಂಟೆ ಸಿಗದಿರುವುದಕ್ಕೆ, ನಾವು ಉಂಡ ತಟ್ಟೆಯನ್ನು ನಾವೇ ತೊಳೆಯದಿರುವುದೂ ಒಂದು ಕಾರಣವಲ್ಲವೇ? ಇಂದು ರಾತ್ರಿಯ ಪರಿಶೋಧನೆಗೆ ಅದೂ ಒಂದು ವಿಷಯವಾಗಲಿ.

ಗಡಿಯಾರದಲ್ಲಿ ಈಗ ಆರೂಮುಕ್ಕಾಲು. ಏಳು ಗಂಟೆಗೆ ಸಂಜೆಯ ತ್ರಿಕಾಲ ಪ್ರಾರ್ಥನೆಯ ಗಂಟೆ ಬಾರಿಸುವುದೆಂದು ಉಪದೇಶಿಗಳು ಹೇಳಿದ್ದಾರೆ. ಗುರುಗಳ ಅಪ್ಪಣೆ ಪಡೆದು ದೀಪಗಳನ್ನು ಆರಿಸಲು ಹೇಳಿದ್ದೇನೆ. ಪೀಠದ ಬಳಿಯ ಒಂದು ದೀಪ ಉರಿಯುತ್ತಿರಲಿ. ದಯವಿಟ್ಟು ಮೊಬೈಲುಗಳನ್ನು ಒಳಗಿಡಿ. ಗಂಟೆಯ ಶಬ್ದ ಕೇಳುವವರೆಗೆ ನಾವೆಲ್ಲರೂ ಇಲ್ಲಿಯೇ, ಕುಳಿತಲ್ಲಿಯೇ, ಬೆಳಿಗ್ಗೆ ಕಣ್ಣು ತೆರೆದ ಗಳಿಗೆಯಿಂದ ಆರಂಭಿಸೋಣ.